ಅನ್ನವ್ವನ ಪ್ಲೇಟು

ಬಿಳಿ ಅರಿವೆಯ ಮೇಲೆ ಕಪ್ಪು ಇಳಿಯುತ್ತಿತ್ತು. ಅದನ್ನು ಕಂಡಷ್ಟೂ ಗುರುಸಿದ್ದನ ಹುರುಪು ಹೆಚ್ಚುತ್ತಿತ್ತು. ಮಹಡಿಯ ಕೋಣೆಯ ಮೇಜಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಧರ್ಮರಾಜಣ್ಣನ ಹಳೇ ಗ್ರಾಮಫೋನ್ ಪ್ಲೇಟನ್ನು ಅಂಗಾತ ಮಲಗಿಸಿ, ಗೆರೆಗಳು ಸುತ್ತಿದ ದಿಕ್ಕಿನಲ್ಲೇ ಮೆಲ್ಲಗೆ ಒರೆಸುತ್ತಿದ್ದ. ಹಸುಗೂಸಿನ ಬೆನ್ನು ತಿಕ್ಕುವವರ ಕೈ ಹಗುರ ಅವನ ಕೈಗೆ ಬಂದಿತ್ತು. ಒಂದು ಅರಿವೆ ಕಪ್ಪಾಯಿತು, ಮಡಚಿ ಬದಿಗಿಟ್ಟ. ಇನ್ನೊಂದು ತೆಗೆದುಕೊಂಡ. ಅದೂ ಕಪ್ಪಾಗತೊಡಗಿತು.

"ಎಲ್ಲೀ ಕಾಲದ ಹೊಲಸಪಾ ಇದು," ಎಂದು ತನ್ನಷ್ಟಕ್ಕೇ ನಕ್ಕ.

ಪ್ಲೇಟು ತೊಳೆಯುವ ನೀರು ಅವನದೇ ಹದ. ಸ್ಪಿರಿಟ್ ಒಂದು ಪಾಲು, ಬ್ಯಾಟರಿಗೆ ಹಾಕುವ ನೀರು ಒಂದು ಪಾಲು, ಪಾತ್ರೆ ತೊಳೆಯುವ ಸಾಬೂನು ಒಂದೇ ಹನಿ. ಬನಹಟ್ಟಿಯ ಈ ಮನೆಯಲ್ಲಿರುವ ಲಾಂಗ್‌ಪ್ಲೇಗಳೆಲ್ಲ ಆ ನೀರಿನಲ್ಲೇ ಮಿಂದು ಹೊಸದರಂತೆ ಮಿಂಚುತ್ತಿದ್ದವು. ಸಾಂಗಲಿ, ಕೊಲ್ಹಾಪುರದ ಕಡೆಯ ಹವ್ಯಾಸಿಗಳೂ ಫೋನ್ ಮಾಡಿ ಅದರ ಹದ ಕೇಳಿ ಬರೆದುಕೊಂಡಿದ್ದರು. ಧರ್ಮರಾಜಣ್ಣ ಅಮಾಸೆಗೆ ಬಂದಾಗ ಪ್ಲೇಟು ಹೀಗೆ ಫಳಫಳ ಹೊಳೆಯುವುದನ್ನು ನೋಡಿ ಏನನ್ನಬಹುದು ಎಂಬುದನ್ನು ಗುರುಸಿದ್ದ ಮನಸ್ಸಿನಲ್ಲೇ ಮೆಲುಕು ಹಾಕುತ್ತಿದ್ದ.

ಚಹಾ ಹಿಡಿದು ಮೇಲೆ ಬಂದ ದಾನೇಶ್ವರಿ ಬಾಗಿಲಲ್ಲೇ ನಿಂತಳು.

"ಇದೇನ್ರಿ, ಮಸಿ ಅರಿವಿ ಮಾಡಿಟ್ಟೀರಿ?"

"ಹೊಲಸು. ಅರವತ್ತು ಎಪ್ಪತ್ತು ವರ್ಷದ್ದು."

"ಹೊಲಸು ಇಷ್ಟು ಕರ್ರಗ ಇರತೈತೇನು? ಧೂಳಂದ್ರ ಮಣ್ಣಿನ ಬಣ್ಣ ಇರಬೇಕಲ್ಲ."

ಅವಳು ಚಹಾ ಕೆಳಗಿಟ್ಟು ಒಂದು ಅರಿವೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಮೂಸಿ ನೋಡಿದಳು. ಮದುವೆಯಾಗಿ ಬಂದಂದಿನಿಂದ ಅವಳು ಗಂಡನ ಜೊತೆ ಸೀರೆ ಅಂಗಡಿಯ ಗಾದಿಯ ಮೇಲೆ ಕೂತವಳು. ಹೊಸ ಮಾಲು ಬಂದರೆ ಬಿಳಿ ಅರಿವೆಯ ತುದಿ ಒದ್ದೆ ಮಾಡಿ ಸೀರೆಯ ಸೆರಗಿನ ಮೇಲೆ ತಿಕ್ಕಿ ನೋಡುವುದು ಅವಳದೇ ಕೆಲಸ. ಆ ಕೆಲಸವನ್ನು ಅವಳಿಗೆ ಕಲಿಸಿಕೊಟ್ಟವನು ಗುರುಸಿದ್ದನೇ.

"ರೀ, ಇದು ಹೊಲಸಲ್ಲ," ಎಂದಳು. "ಇದು ಬಣ್ಣ ಬಿಡಾಕತ್ತೈತಿ."

ಗುರುಸಿದ್ದನ ಕೈ ನಿಂತಿತು. ಪ್ಲೇಟಿನ ಮೇಲೆ ಇನ್ನೂ ನೀರಿನ ತೇವವಿತ್ತು. ಅದು ಆರಿದ ಹಾಗೆಲ್ಲ ಕೆಳಗಿನಿಂದ ಹೊಳಪು ಬರುವ ಬದಲು ಒಂದು ಬೂದು ಮಂಕು ಎದ್ದು ಬಂತು. ಬೆರಳಿಟ್ಟು ನೋಡಿದ. ಬೆರಳು ಅಂಟಿಕೊಂಡಿತು. ಎತ್ತಿದಾಗ ಅವನ ಹೆಬ್ಬೆಟ್ಟಿನ ಗೆರೆಗಳು ಪ್ಲೇಟಿನ ಗೆರೆಗಳ ಮೇಲೆ ಮೂಡಿ ನಿಂತಿದ್ದವು.

ಚಹಾ ಅಲ್ಲೇ ಆರಿತು. ಪ್ಲೇಟು ಪೂರ್ತಿ ಒಣಗುವ ತನಕ ಕಾದು, ಆಮೇಲೆ ಅವನು ಅದನ್ನು ಯಂತ್ರದ ಮೇಲಿಟ್ಟ. ಸೂಜಿ ಇಳಿಸಿದ. ಪೆಟ್ಟಿಗೆಯಷ್ಟು ಎತ್ತರದ ಸ್ಪೀಕರುಗಳಲ್ಲಿ ಕಾದ ಎಣ್ಣೆಗೆ ಏನೋ ಬಿಟ್ಟಂತೆ ಚುರ್ ಎಂಬ ಸದ್ದು ಎದ್ದಿತು, ಅದು ಹಾಗೇ ಕೊನೆಯ ತನಕ ನಡೆಯಿತು. ಅದರೊಳಗೆ ಎಲ್ಲೋ ಒಂದು ದನಿ ಏರಿದಂತೆ, ಇಳಿದಂತೆ ಅನ್ನಿಸಿತು. ಮಗ್ಗದ ಸಾಲಿನ ಆಚೆ ಯಾರೋ ಮಾತಾಡಿದರೆ ಕೇಳಿಸೀತೋ ಕೇಳಿಸದೋ, ಅಷ್ಟು. ಪದ ಇರಲಿಲ್ಲ.

ದಾನೇಶ್ವರಿ ಗಂಡನ ಮುಖ ನೋಡಿದಳು. ಕಪ್ಪು ಅರಿವೆಗಳನ್ನು ಒಂದೊಂದಾಗಿ ಎತ್ತಿಕೊಂಡು ಕೆಳಗೆ ಹೋದಳು.

ಧರ್ಮರಾಜ ಮತ್ತು ಗುರುಸಿದ್ದ ಒಬ್ಬರಿಗೊಬ್ಬರು ಗುರುತಾದದ್ದು ಮಿರಜದ ಹಳೇ ಬಜಾರಿನಲ್ಲಿ. ಒಂದೇ ಡಬ್ಬಿಯಲ್ಲಿನ ಒಂದೇ ಪ್ಲೇಟಿಗೆ ಇಬ್ಬರೂ ಕೈ ಹಾಕಿದ್ದರು. "ನೀ ಬಿಡು", "ನೀವು ಬಿಡ್ರಿ" ಎನ್ನುವಷ್ಟರಲ್ಲಿ ಇಬ್ಬರೂ ಕೃಷ್ಣಾ ದಂಡೆಯ ಈಚೆಯವರೇ ಎಂಬುದು ಮಾತಿನ ಧಾಟಿಯಲ್ಲೇ ತಿಳಿಯಿತು. ಒಬ್ಬ ತೇರದಾಳದ ಜೈನರವನು, ಜಮಖಂಡಿಯ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಇನ್ನೊಬ್ಬ ಬನಹಟ್ಟಿಯ ಸೀರೆ ವ್ಯಾಪಾರಿ. ವಯಸ್ಸಿನಲ್ಲಿ ಹದಿನೆಂಟು ಇಪ್ಪತ್ತು ವರ್ಷದ ಅಂತರ. ಆವತ್ತಿನ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಬಂದವರು ಮುಂದೆ ಬಿಡಲೇ ಇಲ್ಲ.

ಬನಹಟ್ಟಿಯಲ್ಲಿ ಕೂತು ಹಾಡು ಕೇಳುವವನ ಕಷ್ಟ ಬೇರೆ ಊರಿನವರಿಗೆ ತಿಳಿಯುವುದಿಲ್ಲ. ಕರೆಂಟು ಇದ್ದರೆ ಓಣಿ ತುಂಬ ಮಗ್ಗದ ಖಟಕ್ ಖಟಕ್. ಮಗ್ಗ ನಿಂತಿತು ಅಂದರೆ ಕರೆಂಟು ಹೋಗಿದೆ ಎಂದೇ ಅರ್ಥ, ಆಗ ಯಂತ್ರವೂ ತಿರುಗುವುದಿಲ್ಲ. ಕರೆಂಟೂ ಇದ್ದು ಮಗ್ಗವೂ ಸುಮ್ಮನಿರುವುದು ಅಮಾಸೆಯ ದಿನ ಮಾತ್ರ. ಅಮಾಸೆಗೆ ಮಗ್ಗಕ್ಕೆ ಪೂಜೆ, ಮಗ್ಗಕ್ಕೆ ರಜೆ. ಹಾಗಾಗಿ ಧರ್ಮರಾಜ ಪ್ರತಿ ಅಮಾಸೆಗೆ ತೇರದಾಳದಿಂದ ಬಸ್ಸು ಹತ್ತಿ ಬರುತ್ತಿದ್ದ. ಇಬ್ಬರೂ ಮಹಡಿಯಲ್ಲಿ ಕೂತರೆ ಸಂಜೆಯ ತನಕ ಏಳುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಧರ್ಮರಾಜ ಉಣ್ಣುವವನಲ್ಲವೆಂದು ದಾನೇಶ್ವರಿ ಇನ್ನೂ ಬಿಸಿಲಿರುವಾಗಲೇ ಉಳ್ಳಾಗಡ್ಡಿ ಹಾಕದ ಪಲ್ಯೆ ಮಾಡಿ, ರೊಟ್ಟಿ ಬಡಿದು ಕೂಗುತ್ತಿದ್ದಳು.

ಇಬ್ಬರ ನಡುವೆ ಜಗಳ ಒಂದೇ. ಗುರುಸಿದ್ದ ಲಾಂಗ್‌ಪ್ಲೇದವನು, ಧರ್ಮರಾಜ ಅದಕ್ಕೂ ಹಿಂದಿನ, ಚಾವಿ ಕೊಟ್ಟು ತಿರುಗಿಸುವ ಕಾಲದ ದಪ್ಪ ಪ್ಲೇಟುಗಳವನು.

"ನಿಮ್ಮವು ಹಂಚು," ಎಂದು ಗುರುಸಿದ್ದ ಕೆಣಕುತ್ತಿದ್ದ. "ಕೈ ಜಾರಿದ್ರ ಹಂಚು ಒಡದಂಗ ಒಡೀತಾವು."

"ನಿನ್ನೂವು ಪ್ಲಾಸ್ಟಿಕ್ಕು. ಸಂತ್ಯಾಗ ಕೊಡಪಾನ ಮಾರತಾರಲ್ಲ, ಅದ ಮಾಲು. ನಮ್ಮೂವು ಅರಗಿನೂವು, ಬಳಿ ಇದ್ದಂಗ. ಮುಟ್ಟಿದ್ರ ಗೊತ್ತಾಗತೈತಿ ಯಾವದಕ್ಕ ಜೀವ ಐತಿ ಅಂತ."

ಅರಗಿನದು ಎಂಬ ಮಾತನ್ನು ಗುರುಸಿದ್ದ ಎಷ್ಟು ಸಲ ಕೇಳಿದ್ದನೋ. ಕೇಳಿ ನಕ್ಕಿದ್ದ, ಅಷ್ಟೇ.

ಆ ದಪ್ಪ ಪ್ಲೇಟುಗಳಲ್ಲಿ ಒಂದು ಧರ್ಮರಾಜನ ಅವ್ವ ಅನ್ನವ್ವನದು. ಕೊಲ್ಹಾಪುರದ ಕಡೆಯ ಯಾವುದೋ ಸಣ್ಣ ಕಂಪನಿಯವರು ಹಳ್ಳಿಯ ಹೆಂಗಸರ ಪದಗಳನ್ನು ತುಂಬಿಸಿಕೊಳ್ಳುತ್ತ ಬಂದವರು, ಮಿರಜದಲ್ಲಿ ಒಬ್ಬ ಜವಳಿಯವನ ಮಾಳಿಗೆಯಲ್ಲಿ ಅವಳಿಂದ ಒಂದು ಬೀಸುಕಲ್ಲಿನ ಪದ ಹಾಡಿಸಿದ್ದರು. ಕಂಪನಿ ಮುಂದೆ ಮುಳುಗಿತು. ಅನ್ನವ್ವ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಳು. ಧರ್ಮರಾಜ ಆಗಿನ್ನೂ ನೆಟ್ಟಗೆ ಮಾತು ಕಲಿತಿರಲಿಲ್ಲ. ಅವಳದೊಂದು ಭಾವಚಿತ್ರ ಕೂಡ ಇರಲಿಲ್ಲ. ನೌಕರಿ ಸಿಕ್ಕು ಕೈಯಲ್ಲಿ ಸ್ವಂತ ಗ್ರಾಮಫೋನು ಬಂದ ದಿನ ಧರ್ಮರಾಜ ಆ ಪ್ಲೇಟು ಹಚ್ಚಿದ್ದ. ಉಕ್ಕಿನ ಸೂಜಿ ಗೆರೆಯನ್ನು ಕೆರೆಯುವ ಸದ್ದಿಗೆ ಅವನ ಎದೆ ಹೊಡೆದುಕೊಂಡಿತ್ತು. ಒಂದು ಸಲ ಕೇಳಿದರೆ ಒಂದಿಷ್ಟು ಅವ್ವ ಸವೆದು ಹೋಗುತ್ತಾಳೆ. ಅರ್ಧ ಸಾಲು ಕೇಳಿ ಸೂಜಿ ಎತ್ತಿಬಿಟ್ಟಿದ್ದ. ಆಮೇಲೆ ಹಚ್ಚಲಿಲ್ಲ. ಪುಣೆಯವರೊಬ್ಬರು ಪಾರ್ಸೆಲ್ ಮಾಡಿ ಕಳಿಸಿರಿ, ಕಂಪ್ಯೂಟರಿಗೆ ಇಳಿಸಿಕೊಡುತ್ತೇವೆ ಎಂದಿದ್ದರು. ಅವ್ವನನ್ನು ಪಾರ್ಸೆಲ್ ಮಾಡುವುದೇ ಎಂದು ಇವನು ಒಪ್ಪಿರಲಿಲ್ಲ.

ಈ ಸಲ ಗುರುಸಿದ್ದ ಹಳೇ ಪ್ಲೇಟಿಗೆಂದೇ ಮಾಡಿದ ಅಗಲ ಮೊನೆಯ ಸೂಜಿ ತರಿಸಿದ್ದ. ಹೂವು ಕೂತಷ್ಟು ಭಾರ, ಕೆರೆಯುವ ಮಾತೇ ಇಲ್ಲ. ಸುದ್ದಿ ಕೇಳಿ ಧರ್ಮರಾಜ ಅಮಾಸೆಯ ತನಕ ತಡೆಯಲಾರದೆ ಪ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೇಬಿಟ್ಟಿದ್ದ. ಅವನು ಮೆಟ್ಟಿಲು ಹತ್ತುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಯಾಯಿತು. ಸಂಜೆಯವರೆಗೆ ಕಾದರೂ ಬರಲಿಲ್ಲ.

"ಇಲ್ಲೇ ಇರಲಿ," ಎಂದಿದ್ದ ಹೊರಡುವಾಗ. "ಬಸ್ಸಿನ್ಯಾಗ ಮತ್ತ ಮತ್ತ ಒಯ್ಯೂದು ಬ್ಯಾಡ. ಅಮಾಸಿಗೆ ಬರತೇನಿ. ನಾ ಬಂದ ಮ್ಯಾಲ ಹಚ್ಚು."

"ಅಣ್ಣಾರ, ನನ್ನ ಜೀವ ಇದ್ದಂಗ ನೋಡ್ಕೋತೇನಿ."

"ನೋಡ್ಕೋತೀ ಅಂತನ ಬಿಟ್ಟು ಹೊಂಟೇನಲೇ, ಹುಚ್ಚ."

ಅಮಾಸೆ ಬರುವ ತನಕ ಗುರುಸಿದ್ದ ಫೋನು ಕೈಗೆತ್ತಿಕೊಳ್ಳುವನು, ಇಡುವನು. ಒಮ್ಮೆ ಗಂಟೆ ಬಾರಿಸಿದ್ದೂ ಆಯಿತು. ಆ ಕಡೆಯಿಂದ ಧರ್ಮರಾಜ, "ಏನ್ ಗುರುಸಿದ್ದ, ಸೂಜಿ ಹೆಂಗೈತಿ, ಬೆಚ್ಚಗೈತೇನು?" ಎಂದು ನಗಾಡಿದ. ಇವನು, "ಹೂಂರಿ, ಐತ್ರಿ," ಎಂದು ಇಟ್ಟುಬಿಟ್ಟ. ಅಂಗಡಿಯಲ್ಲಿ ಗಿರಾಕಿ ಕೇಳಿದ ಸೀರೆ ಬಿಟ್ಟು ಬೇರೆ ಸೀರೆ ಬಿಚ್ಚಿದ. "ಹೇಳಿಬಿಡ್ರಿ," ಎಂದು ದಾನೇಶ್ವರಿ ಎರಡು ಸಲ ಅಂದಳು. "ಫೋನಿನ್ಯಾಗ ಹೇಳೂ ಮಾತೇನು ಅದು?" ಎಂದ. ಎದುರಿಗೆ ಬಂದಾಗ ಹೇಳುವ ಮಾತಾದರೂ ಯಾವುದು ಎಂಬುದು ಅವನಿಗೂ ಹೊಳೆದಿರಲಿಲ್ಲ. ಹಳೇದಾಗಿತ್ತು, ಬೂಷ್ಟು ತಿಂದಿತ್ತು ಎಂದರೆ ನಂಬಿಯಾನು ಎಂಬ ಒಂದು ವಿಚಾರ ಮಾತ್ರ ನಾಯಿಯ ಹಾಗೆ ಹಿಂದೆ ಹಿಂದೆ ಬರುತ್ತಿತ್ತು.

ಅಮಾಸೆಯ ಮುಂಜಾನೆ ಓಣಿ ಸುಮ್ಮನಿತ್ತು. ಧರ್ಮರಾಜ ಮೊದಲ ಬಸ್ಸಿಗೇ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಗೆದ ಧೋತರ, ಬಸದಿಗೆ ಹೋಗುವಾಗ ಹಾಕುವ ಟೊಪ್ಪಿಗೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಲೇ ಮಾತು ತೆಗೆದ.

"ರಾತ್ರಿ ನಿದ್ದಿ ಇಲ್ಲ. ಮನಿಯಾಕಿ ಪ್ರತಿಮಾ ಬೈದ್ಲು ನನಗ. ಮದುವಿ ಹಿಂದಿನ ದಿನ ಹೊಟ್ಟಿ ತುಂಬ ಉಂಡು ಮಲಗಿದಾಂವ, ಈಗ ಎಪ್ಪತ್ತಕ್ಕ ಬಂದು ಅವ್ವ ಅವ್ವ ಅಂತ ಹೊಳ್ಯಾಡಾಕತ್ತಾನ ಅಂತ. ಖರೇನ ಐತಿ ಬಿಡು ಅಕಿ ಮಾತು."

ಅವನು ಎಂದಿನ ಕುರ್ಚಿಯಲ್ಲಿ ಕೂರಲಿಲ್ಲ. ಸ್ಪೀಕರಿನ ಎದುರು ಚಾಪೆ ಹಾಸಿದ್ದಲ್ಲಿ ಚಕ್ಕಂಬಕ್ಕಳ ಹಾಕಿ ಕೂತ. ಮೇಜಿನ ಮೇಲೆ ತನ್ನದೇ ಕೆಂಪು ವಸ್ತ್ರದಲ್ಲಿ ಸುತ್ತಿಟ್ಟಿದ್ದ ಪ್ಲೇಟು ಕಂಡಿತು.

"ಕೊಡು ಇಲ್ಲೆ. ನಾನಽ ಇಡತೇನಿ."

ಗುರುಸಿದ್ದ ಕೊಟ್ಟ. ಧರ್ಮರಾಜ ಗಂಟು ಬಿಚ್ಚಿದ. ಬಿಚ್ಚಿದವನು ಹಾಗೇ ಕೂತ. ಪ್ಲೇಟನ್ನು ಮೂಗಿನ ಹತ್ತಿರ ಒಯ್ದ. ಆಮೇಲೆ ಎದ್ದು ಕಿಟಕಿಗೆ ಹೋಗಿ, ಬಿಸಿಲಿಗೆ ಓರೆ ಮಾಡಿ ಹಿಡಿದ. ಗೆರೆಗಳ ಮೇಲೆ ಸುತ್ತು ಹೊಡೆಯಬೇಕಾದ ಬೆಳಕು ಸುತ್ತಲಿಲ್ಲ, ಬಿದ್ದಲ್ಲೇ ಬಿತ್ತು.

"ಸ್ಪಿರಿಟ್ ಹಚ್ಚಿದೇನು?"

ನಾಯಿಯಂತೆ ಬೆನ್ನು ಹತ್ತಿದ್ದ ಆ ಸುಳ್ಳು ಬಾಯಿಗೆ ಬರಲಿಲ್ಲ. "ಹೂಂರಿ," ಎಂದ ಗುರುಸಿದ್ದ. "ನೀವು ಬರೂದರಾಗ ಹಸನ ಮಾಡಿ ಇಡೂನು ಅಂತ…"

ಧರ್ಮರಾಜ ಪ್ಲೇಟನ್ನು ಮತ್ತೆ ವಸ್ತ್ರದ ಮೇಲಿಟ್ಟ. ಆಮೇಲೆ ಸಣ್ಣ ಮಕ್ಕಳಿಗೆ ಲೆಕ್ಕ ಕೇಳುವವರ ದನಿಯಲ್ಲಿ ಕೇಳಿದ.

"ಬಡಗ್ಯಾರು ಪಾಲಿಶ್ ಮಾಡೂ ಮುಂದ ಅರಗು ಯಾವದರಾಗ ಕರಗಸ್ತಾರ, ಗುರುಸಿದ್ದ?"

ಗುರುಸಿದ್ದನ ಅಂಗಡಿಯ ಕಪಾಟುಗಳಿಗೆ ಹೋದ ವರ್ಷವಷ್ಟೇ ಪಾಲಿಶ್ ಆಗಿತ್ತು. ಬಡಿಗ ಬಾಟಲಿಯಲ್ಲಿ ಅರಗಿನ ಹಳಕು ತುಂಬಿ, ಸ್ಪಿರಿಟ್ ಸುರಿದು, ಬಿಸಿಲಿಗಿಟ್ಟು ಅಲ್ಲಾಡಿಸುತ್ತಿದ್ದುದನ್ನು ಅವನು ಎದುರು ಕೂತು ನೋಡಿದ್ದ. ಉಳಿದ ಸ್ಪಿರಿಟೇ ಮೇಲೆ ಬಂದು ಪ್ಲೇಟು ತೊಳೆಯುವ ನೀರಾಗಿತ್ತು.

"ಬೈರಿ ಅಣ್ಣಾರ. ಬೇಕಾದ್ರ ಹೊಡೀರಿ."

"ಹೊಡದ್ರ ಬರತೈತೇನು?" ಧರ್ಮರಾಜ ಚಾಪೆಯ ಮೇಲೆ ಮತ್ತೆ ಕೂತ. "ತಪ್ಪು ನಂದೂ ಐತಿ. ಒಂದು ಮಾತು ಹೇಳಿ ಹೋಗಬೇಕಾಗಿತ್ತು. ನಿನಗ ಹೇಳಬೇಕು ಅಂತ ನನಗ ಅನಿಸಲೇ ಇಲ್ಲಪಾ. ಉಣ್ಣಾಕ ಕುಂತವಗ ತುತ್ತು ಬಾಯಾಗ ಇಡು ಅಂತ ಯಾರರ ಹೇಳತಾರೇನು?"

ಹೊಡೆದಿದ್ದರೆ ಇದಕ್ಕಿಂತ ಹಗುರಾಗುತ್ತಿತ್ತು. ಗುರುಸಿದ್ದ ಗೋಡೆಗೆ ಆನಿಕೊಂಡು ಕೂತುಬಿಟ್ಟ.

"ಹಚ್ಚು," ಎಂದ ಧರ್ಮರಾಜ.

"ಏನೂ ಉಳದಿಲ್ರಿ. ನಾ ಹಚ್ಚಿ ನೋಡೇನಿ."

"ಹಚ್ಚು."

ಹಚ್ಚಿದ. ಎಣ್ಣೆಯ ಚುರುಚುರು ಕೋಣೆ ತುಂಬಿತು. ಧರ್ಮರಾಜ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಸೂಜಿ ನಡುವಿನ ಕಾಗದಕ್ಕೆ ಹೋಗಿ ಮುಟ್ಟುವ ತನಕ ಕೇಳಿದ. ನಡುವೆ ಒಂದೆಡೆ ಅವನ ಗದ್ದ ಮೇಲೆದ್ದಿತು, ಏನೋ ಸಿಕ್ಕಿತೆಂಬಂತೆ. ಸಿಕ್ಕಿರಲಿಲ್ಲ. ಗದ್ದ ಇಳಿಯಿತು.

ಕೆಳಗೆ ದಾನೇಶ್ವರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ಗುರುಸಿದ್ದ ಸೂಜಿ ಎತ್ತಿ ಹಾಗೇ ನಿಂತ.

"ಆ ಮಗ್ಗಲಿಗೂ ಸ್ಪಿರಿಟ್ ಹಚ್ಚೀಯೇನು?" ಧರ್ಮರಾಜ ಕೇಳಿದ.

"ಇಲ್ರಿ. ಅದನ್ನ ಮುಟ್ಟಿಲ್ಲ."

"ತಿರುವಿ ಹಾಕು."

ಆ ಮಗ್ಗುಲಿನಲ್ಲಿ ಇದ್ದದ್ದು ತೇರದಾಳದ ಹೆಂಗಸರು ಗುಂಪಾಗಿ ಹಾಡಿದ ಒಂದು ಸೋಬಾನದ ಪದ. ಅನ್ನವ್ವ ಒಬ್ಬಳೇ ಹಾಡಿದ್ದಲ್ಲ ಎಂದು ಧರ್ಮರಾಜ ಅದರ ಕಡೆ ಇಷ್ಟು ವರ್ಷ ಲಕ್ಷ್ಯ ಕೊಟ್ಟೇ ಇರಲಿಲ್ಲ. ಊರಲ್ಲೂ ಅದನ್ನು ಯಾರೂ ಬಹಳ ಹಚ್ಚಿರಲಿಕ್ಕಿಲ್ಲ. ಗೆರೆ ಚೂರೂ ಸವೆದಿರಲಿಲ್ಲ. ಸೂಜಿ ಕೂತದ್ದೇ ತಡ, ಪಡಸಾಲೆಯಲ್ಲಿ ಹೆಂಗಸರು ಬಂದು ಕೂತಂತೆ ದನಿಗಳು ಎದ್ದು ನಿಂತವು. ಒಬ್ಬಳದು ದೊಡ್ಡ ಗಂಟಲು, ಮುಂದೆ ಹೋಗುವವಳು. ಉಳಿದವರು ಸೊಲ್ಲು ಹಿಡಿಯುವವರು. ಅವರಲ್ಲೊಬ್ಬಳು ಎಲ್ಲರೂ ನಿಂತ ಮೇಲೂ ಒಂದು ಎಳೆ ಹಿಂದೆ ಉಳಿದು, ದನಿಯನ್ನು ಎಳೆದು, ಆಮೇಲೆ ಬಿಡುತ್ತಿದ್ದಳು.

ಧರ್ಮರಾಜ ಕಣ್ಣು ತೆರೆದ.

"ಮತ್ತೊಮ್ಮೆ."

ಮತ್ತೊಮ್ಮೆ ಹಚ್ಚಿದ. ಆ ಎಳೆ ಬಂದಾಗ ಧರ್ಮರಾಜ ಬೆರಳೆತ್ತಿದ.

"ಇಕಿ. ಎಲ್ಲಾರೂ ನಿಂತ ಮ್ಯಾಲೂ ಒಂಚೂರು ಎಳೀತಾಳ ನೋಡು. ನಾ ಅವತ್ತ ಕೇಳಿದ ಅರ್ಧ ಸಾಲಿನ್ಯಾಗೂ ಹಿಂಗ ಎಳದಿದ್ಲು. ಇಕಿನ ನಮ್ಮವ್ವ."

"ಹೌದ್ರಿ," ಎಂದ ಗುರುಸಿದ್ದ. ಅವನಿಗೂ ಹೌದೆನಿಸಿತು. ಹೌದಾಗಲಿ ಎಂಬ ಆಸೆಯೂ ಇತ್ತು. ಪದ ಹೋಯಿತು ನಿಜ, ದನಿಯಾದರೂ ಉಳಿಯಿತಲ್ಲ. ತಾನು ಕೊಂದದ್ದು ಅರ್ಧವೇ ಆಯಿತಲ್ಲ. ಲಗುಬಗೆಯಿಂದ ಅದನ್ನು ಕಂಪ್ಯೂಟರಿಗೆ ಇಳಿಸಿದ, ಅಲ್ಲಿಂದ ತನ್ನ ಫೋನಿಗೆ ತಂದ. ಊಟಕ್ಕೆ ಕೂತಾಗ ಧರ್ಮರಾಜ ಫೋನನ್ನು ತಾಟಿನ ಬದಿಗೇ ಇಟ್ಟುಕೊಂಡು ದಾನೇಶ್ವರಿಗೂ ಕೇಳಿಸಿದ.

"ಇಲ್ಲೆ ಕೇಳವಾ ತಂಗಿ, ಈಗ ಬರತಾಳ… ಹಾಂ, ಇಕಿ."

ದಾನೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ರೊಟ್ಟಿ ಹಾಕಿದಳು.

ಕೈ ತೊಳೆದು ಬಂದವನೇ ಧರ್ಮರಾಜ ಹೊರಡೋಣ ಎಂದ. ಹಾಡಿದವರಲ್ಲಿ ಉಳಿದಿರುವವಳು ಅವನ ಸೋದರತ್ತೆ ಇಂದ್ರವ್ವ ಒಬ್ಬಳೇ, ರನ್ನ ಬೆಳಗಲಿಗೆ ಕೊಟ್ಟವಳು.

"ಅಕಿ ಬಾಯಿಂದ ಒಂದು ಹೌದು ಅನಿಸಿಕೊಂಡ ಬರೂನು."

"ನಿಮಗ ಗುರುತು ಸಿಕ್ತಲ್ರಿ ಅಣ್ಣಾರ. ಮತ್ತ್ಯಾಕ ಕೇಳೂದು?" ಗುರುಸಿದ್ದ ಫೋನನ್ನು ಕಿಸೆಗೆ ಹಾಕಿಕೊಳ್ಳುತ್ತ ಅಂದ.

"ನಾ ಅವ್ವನ್ನ ಕೇಳಿದಾಂವ ಅಲ್ಲೋ. ಅಕಿ ಕೇಳಿದಾಕಿ."

ಗುರುಸಿದ್ದ ಕಾರು ತೆಗೆದ. ಮಹಾಲಿಂಗಪುರ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹಿಂದೆ ಹೋಗಬೇಕಾಯಿತು. ದಾರಿಯುದ್ದಕ್ಕೂ ಧರ್ಮರಾಜ ಅದೇ ಪದವನ್ನು ಹಚ್ಚಿಸುತ್ತಿದ್ದ. ಬೆಳಗಲಿ ಬರುವಷ್ಟರಲ್ಲಿ ಆ ಹಿಂದುಳಿದ ಎಳೆ ಎಲ್ಲಿ ಬರುತ್ತದೆ ಎಂಬುದು ಗುರುಸಿದ್ದನಿಗೂ ಬಾಯಿಪಾಠವಾಗಿತ್ತು.

ಇಂದ್ರವ್ವ ಮೊಮ್ಮಗನ ಮನೆಯ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬಂದವರ ನೆರಳು ಮೊರದ ಮೇಲೆ ಬಿದ್ದಾಗ ತಲೆ ಎತ್ತಿದಳು.

"ಯಾರಪಾ?"

"ನಾನತ್ತಿ, ಧರ್ಮೂ. ತೇರದಾಳ."

"ಯಾವ ಧರ್ಮೂ?" ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಏ, ನಮ್ಮ ಧರ್ಮೂ ಏನೋ? ಇಷ್ಟು ಮುದುಕ ಯಾವಾಗಾದ್ಯೋ ಭಾಡ್ಯಾ? ನಾನಽ ವಾಸಿ ಕಾಣತೇನಿ ನಿನಕಿಂತ."

"ನೀ ಹಳೇ ಮಾಲು ಅತ್ತಿ, ಗಟ್ಟಿ. ನಿನಗೊಂದು ಪದ ಕೇಳಸಾಕ ಬಂದೇವಿ. ಮಿರಜನ್ಯಾಗ ನೀವೆಲ್ಲಾ ಪ್ಲೇಟಿಗೆ ಹಾಡಿದ್ದು ನೆನಪೈತೇನು?"

"ಮಿರಜನ್ಯಾಗ… ಅದೇನ ಉಳದೈತೇನು ಇನ್ನಾ? ಎಡಗಿವಿ ಸತ್ತೈತಿ. ಈ ಕಡೆ ಹಿಡಿ."

ಗುರುಸಿದ್ದ ಫೋನು ಹಚ್ಚಿ ಕೊಟ್ಟ, ಧರ್ಮರಾಜ ಅವಳ ಬಲಗಿವಿಗೆ ಹಿಡಿದ. ಜೋಳದಲ್ಲಿ ಆಡುತ್ತಿದ್ದ ಇಂದ್ರವ್ವನ ಬೆರಳು ನಿಂತವು. ಬಾಯಿ ಸ್ವಲ್ಪ ತೆರೆದುಕೊಂಡಿತು.

"ಅಯ್ಯ… ಸಾವಕ್ಕ. ದೊಡ್ಡ ಗಂಟಲ ಅಕಿದು, ಹಿತ್ತಲದಾಗ ನಿಂತು ಒದರಿದ್ರ ಊರ ಅಗಸಿಗೆ ಕೇಳತಿತ್ತು. ಇದು ತಾಯವ್ವ. ಎಲ್ಲಾರೂ ಹ್ವಾದ್ರು." ಅಷ್ಟರಲ್ಲಿ ಆ ಎಳೆ ಬಂತು. ಮುದುಕಿ ಥಟ್ಟನೆ ಸೆರಗು ಬಾಯಿಗೆ ಒತ್ತಿಕೊಂಡು ಹುಡುಗಿಯಂತೆ ನಕ್ಕಳು. "ಏ! ಇದು ನಾನಽ! ಅವತ್ತೂ ಬೈಸಿಕೊಂಡಿದ್ದೆ. ಎಲ್ಲಾರೂ ನಿಂತ ಮ್ಯಾಲ ನೀ ಒಬ್ಬಾಕಿನ ಯಾಕ ಎಳೀತೀಬೇ ಅಂತ ಸಾವಕ್ಕ ಚಿವುಟಿದ್ಲು."

ಧರ್ಮರಾಜ ಫೋನನ್ನು ಅವಳ ಕಿವಿಗೆ ಇನ್ನೂ ಹತ್ತಿರ ಒತ್ತಿದ. "ಸರಿಯಾಗಿ ಕೇಳು ಅತ್ತಿ. ಅದು ನಮ್ಮವ್ವ ಅಲ್ಲೇನು?"

"ನನ್ನ ದನಿ ನನಗ ಗುರುತಿಲ್ಲೇನೋ?"

"ಮತ್ತ ನಮ್ಮವ್ವ ಯಾವಾಕಿ ಇದರಾಗ?"

"ಅಕಿ ಎಲ್ಲಿ ಅದಾಳ ಇದರಾಗ? ಅಕಿ ಹೊರಗಿದ್ಲು." ಇಂದ್ರವ್ವ ಮೊರವನ್ನು ಬದಿಗೆ ಸರಿಸಿದಳು. "ಗ್ವಾಡಿ ತುಂಬ ಕೌದಿ ತೂಗ ಬಿಟ್ಟಿದ್ರಪಾ ಆ ಮಂದಿ, ಹೊರಗಿನ ಸಪ್ಪಳ ಬರಬಾರದಂತ. ನೀ ನೋಡಿದ್ರ ಒಂದ ಸವನ ಅಳಾಕತ್ತಿ. ಹಲ್ಲು ಬರೂ ಹೊತ್ತು. ಯಾರು ಎತಗೊಂಡ್ರೂ ಇಲ್ಲ, ಅವ್ವನ ಬೇಕು. ಆ ಮಶೀನಿನಾಂವ ಸಿಟ್ಟಿಗೆದ್ದ. ನೀವು ಹಾಡ್ರೆವಾ, ಇವ ಮಲಗಿದ ಮ್ಯಾಲ ನಾ ಬಂದು ನನ್ನ ಪದ ಹಾಡತೇನಿ ಅಂತ ನಿನ್ನ ಬಗಲಾಗ ಇಟಗೊಂಡು ಅನ್ನವ್ವ ವೈನಿ ಮೆಟ್ಟಲ ಇಳದ ಹ್ವಾದ್ಲು. ನಾವು ಮುಗಿಸಿ ಹೊರಗ ಬರತೇವಿ, ನೀ ಅಕಿ ತೊಡಿಮ್ಯಾಲ ಗಪ್‌ಚಿಪ್ ಮಲಗಿದ್ದಿ."

ರಸ್ತೆಯಲ್ಲಿ ಒಂದು ಟ್ರ್ಯಾಕ್ಟರು ಹಾಡು ಹಾಕಿಕೊಂಡು ಹೋಯಿತು. ಅದು ದೂರವಾಗುವ ತನಕ ತಡೆದು ಇಂದ್ರವ್ವ ಮುಂದುವರಿಸಿದಳು.

"ಆಮ್ಯಾಲ ಒಳಗ ಹೋಗಿ ಹಾಡಿದ್ಲು ನೋಡು, ಏನ್ ಹಾಡಿದ್ಲಂತಿ! ಆ ಮಶೀನಿನಾಂವ ಕೈ ಕಟಗೊಂಡ ನಿಂತ. ಅದನ್ನ ಹಚ್ಚೋ, ವೈನಿ ಪದಾನ. ಒಮ್ಮೆ ಕೇಳಿ ಕಣ್ಣು ಮುಚ್ಚತೇನಿ."

ಗುರುಸಿದ್ದ ಮುಂದೆ ಬಂದ. "ಆಯೀ, ಅದನ್ನ ನಾನು…"

"ಅದು ಸವದೈತಿ ಅತ್ತಿ," ಎಂದ ಧರ್ಮರಾಜ, ಅವನ ಕಡೆ ತಿರುಗದೆ. "ಹಳೇದು ನೋಡು. ಸವದು ಹೋಗೈತಿ."

"ಸವೀದಽ ಏನ್ ಮಾಡೀತು. ಗೌಡರ ಮನ್ಯಾಗ ಮಂದಿ ಹಚ್ಚಿ ಹಚ್ಚಿ ಕೇಳಿದ್ರು, ಅಕಿ ಹ್ವಾದ ಮ್ಯಾಲ."

"ನಿನಗ ಬರತೈತೇನು ಆ ಪದ? ಒಂದೆರಡು ಸಾಲರ?"

ಇಂದ್ರವ್ವ ನೆನಪು ಮಾಡಿಕೊಳ್ಳಲು ನೋಡಿದಳು. ತುಟಿ ಅಲ್ಲಾಡಿದವು, ನಿಂತವು. "ಇಲ್ಲೋ ತಮ್ಮಾ. ಅದು ಅಕಿ ತವರಮನಿ ಪದ. ಕಲಸವಾ ಅಂದ್ರ, ಹೋಗ ಹೋಗ, ನಿನ್ನ ಮದುವಿ ಆಗಲಿ ಕಲಸ್ತೇನಿ ಅಂತಿದ್ಲು. ನನ್ನ ಮದುವಿ ಆಗೂದರಾಗ ಅಕಿನ ಇರಲಿಲ್ಲ."

ಧರ್ಮರಾಜ ತಲೆಯಾಡಿಸಿದ. ಕಟ್ಟೆಯ ಅಂಚಿಗೆ ಕೈಯೂರಿ ಏಳಲು ಹೋದ. ಮುದುಕಿ ಅವನ ಮೊಣಕೈ ಹಿಡಿದಳು.

"ಹೊಂಟ್ಯೇನು? ಇನ್ನೊಮ್ಮೆ ಹಚ್ಚೋ ಅದನ್ನ. ನಾ ಒಂದ ಸಲಾನೂ ಕೇಳಿದಾಕಿ ಅಲ್ಲ. ಪ್ಲೇಟು ಊರಿಗೆ ಬರೂದರಾಗ ನನ್ನ ಇಲ್ಲಿಗೆ ಕೊಟ್ಟಿದ್ರು. ಅತ್ತೀಮನ್ಯಾಗ ಯಾರು ಹಚ್ಚತಾರ ಸೊಸಿ ಪದ?"

ಗುರುಸಿದ್ದ ಫೋನಿಗೆ ಕೈ ಚಾಚಿದ. ಧರ್ಮರಾಜನಿಗೆ ಅದನ್ನು ಹಚ್ಚುವ ರೀತಿ ಗೊತ್ತಿರಲಿಲ್ಲ. ಧರ್ಮರಾಜ ಕೊಡಲಿಲ್ಲ. ಕನ್ನಡಕ ಮೇಲೆ ಸರಿಸಿ, ತೋರುಬೆರಳಿನಿಂದ ತಡವಿ ತಡವಿ ಅದನ್ನು ತಾನೇ ಹುಡುಕಿ ಹಚ್ಚಿದ. ಆಮೇಲೆ ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕೂತು, ಕೈ ಎತ್ತಿ, ಅತ್ತೆಯ ಬಲಗಿವಿಗೆ ಹಿಡಿದ.

ಇಂದ್ರವ್ವ ಕಣ್ಣು ಮುಚ್ಚಿಕೊಂಡಿದ್ದಳು. ಸೊಲ್ಲು ಮುಗಿದು ಎಲ್ಲರೂ ನಿಂತಾಗ ಅವಳ ಒಣ ಗಂಟಲು ಫೋನಿನೊಳಗಿನ ಹುಡುಗಿಯ ಜೊತೆ ತಾನೂ ಒಂದು ಎಳೆ ಹಿಂದೆ ಉಳಿಯಿತು. ಪದ ಮುಗಿಯಿತು. "ಮತ್ತೊಮ್ಮೆ," ಎಂದಳು, ಕಣ್ಣು ತೆರೆಯದೆ. ಧರ್ಮರಾಜ ಮತ್ತೆ ಹಚ್ಚಿದ. ಮೇಲೆತ್ತಿ ಹಿಡಿದ ಅವನ ತೋಳು ಸಣ್ಣಗೆ ನಡುಗತೊಡಗಿದ್ದನ್ನು ಗುರುಸಿದ್ದ ಅಂಗಳದಲ್ಲಿ ನಿಂತು ನೋಡಿದ. ಧರ್ಮರಾಜ ಫೋನನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡ. ಕಿವಿಯಿಂದ ಸರಿಸಲಿಲ್ಲ.